ಹರಿಗೋಲು ಹತ್ತದ ಕೆಂಡ

ಹಿಡಿದ ಮೀನನ್ನು ದೋಣಿಯಲ್ಲೇ ಸುಟ್ಟು ತಿನ್ನುವ ರೂಢಿ ಪ್ರಪಂಚದಲ್ಲಿ ಬೇಕಾದಷ್ಟು ಕಡೆ ಇದೆ. ಕೇರಳದ ಹಿನ್ನೀರಿನಲ್ಲಿ ದಿನಗಟ್ಟಲೆ ಸರಕು ಸಾಗಿಸುತ್ತಿದ್ದ ಕೆಟ್ಟುವಳ್ಳಂಗಳಲ್ಲಿ ಅಡುಗೆ ಒಳಗೇ ಆಗುತ್ತಿತ್ತು. ಅರಬ್ಬರ ಹಾಯಿಹಡಗುಗಳಲ್ಲಿ ಮಣ್ಣು ಮೆತ್ತಿದ ಮರದ ಪೆಟ್ಟಿಗೆಯೇ ಒಲೆ. ದಕ್ಷಿಣ ಚೀನಾದ ಸಂಪಾನ್ ದೋಣಿಗಳಲ್ಲಿ ಇಡೀ ಸಂಸಾರವೇ ನೀರಿನ ಮೇಲೆ ಇರುತ್ತಿದ್ದುದರಿಂದ ಒಲೆಯೂ ಅಲ್ಲೇ ಇರಬೇಕಿತ್ತು. ಈಗಿನ ವಿಹಾರ ದೋಣಿಗಳ ಕಂಬಿಗೆ ತಗುಲಿಸುವ ಗ್ಯಾಸ್ ಗ್ರಿಲ್ಲು ಈ ವಂಶದ ಕೊನೆಯ ಕುಡಿ. ಆದರೆ ಚಿತ್ರದುರ್ಗ ಸೀಮೆಯ ನೀರಿನಲ್ಲಿ, ಅಂದರೆ ಮಾರಿಕಣಿವೆಯ ವಾಣಿವಿಲಾಸ ಸಾಗರದಲ್ಲಿ, ಅದರ ಹೊಸದುರ್ಗ ಕಡೆಯ ಹಿನ್ನೀರಿನಲ್ಲಿ, ಚಿತ್ರದುರ್ಗ ಹೊಳಲ್ಕೆರೆಗಳ ದೊಡ್ಡ ಕೆರೆಗಳಲ್ಲಿ, ಈ ರೂಢಿ ಬೇರು ಬಿಡಲೇ ಇಲ್ಲ. ಇಲ್ಲಿ ಮೀನು ಹಿಡಿಯುವುದು ನೀರಿನ ಮೇಲೆ, ಸುಡುವುದು ದಡದ ಮೇಲೆ. ಕಾರಣ ಕೇಳಿದರೆ ಥಟ್ಟನೆ ಬರುವ ಉತ್ತರ ಒಂದೇ: ಇದು ಬರದ ನಾಡು, ನೀರೇ ಇಲ್ಲದ ಕಡೆ ದೋಣಿಯೆಲ್ಲಿ, ದೋಣಿಯಲ್ಲಿ ಒಲೆಯೆಲ್ಲಿ? ಈ ಉತ್ತರ ಅರ್ಧ ಮಾತ್ರ ನಿಜ. ಕೆಂಡವನ್ನು ದೋಣಿಗೆ ಹತ್ತಿಸದೆ ಇದ್ದದ್ದು ಇಲ್ಲಿನವರ ಕೊರತೆಯಲ್ಲ, ತೀರ್ಮಾನ. ಆ ತೀರ್ಮಾನದ ಹಿಂದೆ ದೋಣಿಯ ಗುಣ, ಬಲೆಯ ಬೆಲೆ, ದುಡಿಮೆಯ ವೇಳೆ, ಬಯಲುಸೀಮೆಯ ಗಾಳಿ ಎಲ್ಲವೂ ಇವೆ ಎಂಬುದು ಈ ಬರಹದ ವಾದ.

ಮೊದಲು ನೀರಿನ ಮಾತು. ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಯಲ್ಲಿ ಕದಂಬರ ಮಯೂರಶರ್ಮನ ಬಂಡೆಶಾಸನವಿದೆ. ನಾಲ್ಕನೆಯ ಶತಮಾನದ ಆ ಬರಹ ಹೇಳುವುದು ಒಂದು ಕೆರೆಯ ವಿಷಯವನ್ನು. ಅಂದರೆ ಈ ಸೀಮೆಯ ಹಳೆಯ ಶಾಸನಗಳಲ್ಲೇ ಕೆರೆಯಿದೆ. ಆಮೇಲಿನ ಪಾಳೆಯಗಾರರ ಕಾಲದಲ್ಲಿ ಕೋಟೆಯೊಳಗೆ ಅಕ್ಕತಂಗಿ ಹೊಂಡ, ಗೋಪಾಲಸ್ವಾಮಿ ಹೊಂಡ, ಊರೊಳಗೆ ಸಂತೆ ಹೊಂಡ. ಭರಮಣ್ಣ ನಾಯಕನ ಹೆಸರು ಹೊತ್ತ ಭರಮಸಾಗರ. ಅಡಿಕೆ ವ್ಯಾಪಾರಕ್ಕೆ ಹೆಸರಾದ ಭೀಮಸಮುದ್ರದ ದೊಡ್ಡ ಕೆರೆ. ಇವೆಲ್ಲ ಮಳೆನೀರನ್ನು ಹಿಡಿದಿಟ್ಟ ಸಂಪಾದನೆ. ಇಂಥ ನೀರಿನಲ್ಲಿ ದೋಣಿಗೆ ಕೆಲಸ ಕಡಿಮೆ, ಬೇಸಗೆಗೆ ತಳ ಕಾಣುವ ಕೆರೆಯಲ್ಲಿ ಮೀನನ್ನು ನಿಂತೇ ಹಿಡಿಯಬಹುದು ಎಂಬುದನ್ನು ಒಪ್ಪೋಣ. ಆದರೆ 1907ರಲ್ಲಿ ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆ ಅಣೆಕಟ್ಟೆ ಮುಗಿದ ಮೇಲೆ ಈ ಮಾತು ನಿಲ್ಲುವುದಿಲ್ಲ. ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ಕಾಲದಲ್ಲಿ ಆರಂಭವಾಗಿ, ಅವರ ಹೆಸರನ್ನೇ ಪಡೆದ ಈ ಜಲಾಶಯ ತುಂಬಿದರೆ 130 ಅಡಿ ನೀರು, ಸುಮಾರು 30 ಟಿಎಂಸಿ. ಕಣಿವೆಯ ಬಾಯನ್ನು ಮುಚ್ಚಿದ್ದರಿಂದ ಹಿನ್ನೀರು ಬೆರಳು ಚಾಚಿದಂತೆ ಹೊಸದುರ್ಗ ತಾಲ್ಲೂಕಿನೊಳಕ್ಕೆ ಹರಡಿತು. ತುಂಬಿ ಕೋಡಿ ಬಿದ್ದದ್ದು 1933ರಲ್ಲಿ ಒಮ್ಮೆ. ಮತ್ತೆ ಅದನ್ನು ಕಾಣಲು ಜಿಲ್ಲೆ 2022ರ ಸೆಪ್ಟೆಂಬರ್ ತನಕ ಕಾಯಬೇಕಾಯಿತು, ಆಮೇಲೆ 2025ರ ಜನವರಿಯಲ್ಲಿ ಇನ್ನೊಮ್ಮೆ. ಆದರೂ ತುಂಬದ ವರ್ಷಗಳಲ್ಲೂ ಅದು ಹರಿಗೋಲಿಗೆ ಸಾಲದ ನೀರೇನಲ್ಲ. ಬಲೆ ಬಂತು, ಹರಿಗೋಲು ಬಂತು, ಮೀನುಮರಿ ಸಾಕಿ ಬಿಡುವ ಸರ್ಕಾರದ ವ್ಯವಸ್ಥೆ ಬಂತು, ಕಾಟ್ಲಾ, ರೋಹು, ಗೆಂಡೆ, ಜಿಲೇಬಿ ಎಲ್ಲವೂ ಬಂದವು. ನೂರು ವರ್ಷಕ್ಕೂ ಮೀರಿದ ಈ ಅವಧಿಯಲ್ಲಿ ಒಲೆ ಮಾತ್ರ ದಡ ಬಿಟ್ಟು ಕದಲಲಿಲ್ಲ. ಹಾಗಾದರೆ ನೀರಿನ ಅಭಾವವೊಂದೇ ಕಾರಣವಾಗಲಾರದು.

ಕಾರಣವನ್ನು ಹರಿಗೋಲಿನಲ್ಲೇ ಹುಡುಕಬೇಕು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯಸ್ ಆನೆಗೊಂದಿಯ ಕಡವಿನಲ್ಲಿ ಕಂಡದ್ದನ್ನು ಬರೆದಿದ್ದಾನೆ: ದೋಣಿಗಳು ಬುಟ್ಟಿಯ ಹಾಗೆ ದುಂಡಗಿವೆ, ಒಳಗೆ ಹೆಣಿಗೆ, ಹೊರಗೆ ತೊಗಲು, ಹದಿನೈದು ಇಪ್ಪತ್ತು ಜನ ಹಿಡಿಸುತ್ತಾರೆ, ಹುಟ್ಟು ಹಾಕಿದರೆ ನೇರ ಹೋಗದೆ ಸುತ್ತುತ್ತ ಸಾಗುತ್ತವೆ. ಇಡೀ ರಾಜ್ಯದಲ್ಲಿ ಹೊಳೆಯಿರುವ ಕಡೆಯೆಲ್ಲ ಇದನ್ನು ಬಿಟ್ಟು ಬೇರೆ ದೋಣಿಯೇ ಇಲ್ಲ ಎಂದೂ ಅವನು ಸೇರಿಸುತ್ತಾನೆ. ನಮ್ಮ ವಾದಕ್ಕೆ ಮುಖ್ಯವಾದದ್ದು ಈ ಕೊನೆಯ ಮಾತು. ದುರ್ಗದ ಸೀಮೆ ಆಗ ಅದೇ ರಾಜ್ಯದೊಳಗಿತ್ತು. ಮುಂದೆ 1800ರಲ್ಲಿ ದಂಗೆಯೆದ್ದ ದೋಂಡಿಯಾ ವಾಘನ ಬೆನ್ನು ಹತ್ತಿ ಹರಿಹರದ ಬಳಿ ತುಂಗಭದ್ರೆ ದಾಟಿದ ಬ್ರಿಟಿಷ್ ಸೇನಾನಿ ಆರ್ಥರ್ ವೆಲ್ಲೆಸ್ಲಿಯ ಪತ್ರಗಳಲ್ಲೂ ಈ ಬುಟ್ಟಿದೋಣಿಗಳ ಮಾತು ಬರುತ್ತದೆ. ಆ ಹರಿಹರ 1997ರವರೆಗೂ ಚಿತ್ರದುರ್ಗ ಜಿಲ್ಲೆಯದೇ ತಾಲ್ಲೂಕು. ಹೀಗೆ ಇಲ್ಲಿನವರಿಗೆ ದೋಣಿಯೆಂದರೆ ಹಲಗೆಯದಲ್ಲ, ಬಿದಿರಿನದು. ಸೀಳಿದ ಬಿದಿರಿನ ದಬ್ಬೆಗಳ ಹೆಣಿಗೆ, ಅದರ ಮೇಲೊಂದು ಹೊದಿಕೆ. ಹೊದಿಕೆ ಮೊದಲು ಎತ್ತು, ಎಮ್ಮೆಯ ತೊಗಲು, ಆಮೇಲೆ ಡಾಂಬರು ಬಳಿದ ಗೋಣಿತಟ್ಟು, ಆಮೇಲೆ ಡಾಂಬರಿನೊಂದಿಗೆ ಪ್ಲಾಸ್ಟಿಕ್ ಹಾಳೆ, ಈಗ ಫೈಬರ್.

ಈ ಹೊದಿಕೆಗಳನ್ನು ಶಾಖದ ಕಣ್ಣಿನಿಂದ ನೋಡಿ. ಹಸಿ ತೊಗಲು ನೆನೆದಿದ್ದಾಗ ಸುಮಾರು 60 ಡಿಗ್ರಿ ಸೆಲ್ಸಿಯಸ್‌ಗೇ ಮುದುಡಲು ಶುರುವಾಗುತ್ತದೆ. ಡಾಂಬರು 50 ಡಿಗ್ರಿಯ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಹಿರಿಯೂರಿನ ರಸ್ತೆಯ ಮೇಲೆ ನಡೆದವರಿಗೆ ಇದನ್ನು ಹೇಳಬೇಕಾಗಿಲ್ಲ. ಪಾಲಿಥಿನ್ ಹಾಳೆ ನೀರು ಕುದಿಯುವ ಶಾಖಕ್ಕಿಂತ ತುಸು ಮೇಲಕ್ಕೆ ಹೋದರೆ ಕರಗಿ ಹೋಗುತ್ತದೆ. ಮೀನು ಸುಡುವ ಕೆಂಡದ ಶಾಖ ಇವೆಲ್ಲಕ್ಕಿಂತ ಹಲವು ಪಟ್ಟು ದೂರದ್ದು, 600 ಡಿಗ್ರಿಗೆ ಕಡಿಮೆಯಿಲ್ಲ. ಹಲಗೆಯ ದೋಣಿಯಲ್ಲಿ ಕೆಂಡವೊಂದು ಜಾರಿ ಬಿದ್ದರೆ ಹಲಗೆ ಕರಿಕಾಗುತ್ತದೆ, ನೀರು ಚಿಮುಕಿಸಲು ವ್ಯವಧಾನವಿರುತ್ತದೆ. ಹರಿಗೋಲಿನಲ್ಲಿ ಅದೇ ಕೆಂಡ ದಬ್ಬೆಗಳ ಸಂದಿಗೆ ಉರುಳಿದರೆ ಅಲ್ಲಿ ಹೊದಿಕೆಗೂ ಕೆಂಡಕ್ಕೂ ನಡುವೆ ಏನೂ ಇಲ್ಲ. ಹೊದಿಕೆಯ ಆಚೆ ನೀರು. ಕೆಂಡ ಆರುತ್ತದೆ ನಿಜ, ಆದರೆ ಅದನ್ನು ಆರಿಸುವ ನೀರು ಒಳಕ್ಕೆ ಬಂದ ನೀರು.

ಆಕಾರದ ತೊಡಕು ಇನ್ನೂ ದೊಡ್ಡದು. ಮೀನು ಹಿಡಿಯುವ ಹರಿಗೋಲು ಅಡ್ಡಗಲ ಆರೇಳು ಅಡಿಯದು. ಅದಕ್ಕೆ ಮುಂದಿಲ್ಲ, ಹಿಂದಿಲ್ಲ, ಕೆಳಗೆ ಬೆನ್ನೆಲುಬಿನಂಥ ಮರವಿಲ್ಲ. ತಳ ಸಮವಲ್ಲ, ಮೇಲಕ್ಕೇರಿದಂತೆ ಬಾಗಿದ ಹೆಣಿಗೆ. ಇಬ್ಬರು ಕೂತರೆ ಒಬ್ಬ ಅಂಚಿಗೆ ಮೊಣಕಾಲೂರಿ ಹುಟ್ಟು ಹಾಕುತ್ತಾನೆ, ಇನ್ನೊಬ್ಬ ಎದುರಿನ ಅಂಚಿಗೆ ಭಾರ ಕೊಟ್ಟು ಬಲೆ ಎಳೆಯುತ್ತಾನೆ. ಒಬ್ಬ ಮಿಸುಕಿದರೆ ಇನ್ನೊಬ್ಬ ಸರಿಯಬೇಕು. ಎಳೆದ ಬಲೆ, ಬಿದ್ದ ಮೀನು ನಡುವೆ ಗುಡ್ಡೆಯಾಗುತ್ತವೆ. ಒಲೆ ಇಡಲು ಸಮನಾದ ಜಾಗವಿರುವುದು ಆ ನಡುವಿನಲ್ಲಿ ಮಾತ್ರ, ಅಲ್ಲಿ ಆಗಲೇ ಒದ್ದೆ ಬಲೆ ಇದೆ. ದೋಣಿಗೆ ಗ್ರಿಲ್ಲು ಆರಿಸುವ ಕಲೆಯಲ್ಲಿ ಮೊದಲ ಪ್ರಶ್ನೆ ಗ್ರಿಲ್ಲಿನದಲ್ಲ, ಅದು ಕೂರುವ ನೆಲದ್ದು. ಹರಿಗೋಲಿಗೆ ನೆಲವೇ ಇಲ್ಲ.

ಇಲ್ಲೊಂದು ಆಕ್ಷೇಪ ಬರಬಹುದು. ಹೆಣಿಗೆಗೂ ಕೆಂಡಕ್ಕೂ ಆಗಿಬರುವುದಿಲ್ಲ ಎನ್ನುವಿರಾದರೆ ಕಾಶ್ಮೀರದ ಕಾಂಗಡಿಗೆ ಏನು ಹೇಳುತ್ತೀರಿ? ಅಲ್ಲಿ ಹೆಣೆದ ಬುಟ್ಟಿಯೊಳಗಿನ ಮಣ್ಣಿನ ಪಾತ್ರೆಯಲ್ಲಿ ಕೆಂಡ ತುಂಬಿ ನಿಲುವಂಗಿಯೊಳಗೇ ಇಟ್ಟುಕೊಂಡು ಓಡಾಡುತ್ತಾರೆ. ನಮ್ಮ ಮನೆಗಳಲ್ಲೂ ಅಗ್ಗಿಷ್ಟಿಕೆಯಿತ್ತು. ಅದನ್ನೇ ಮರಳಿನ ಮೇಲಿಟ್ಟು ಹರಿಗೋಲಿಗೆ ಒಯ್ಯಬಹುದಿತ್ತಲ್ಲ? ಅಷ್ಟೇಕೆ, ತೆಪ್ಪೋತ್ಸವದಲ್ಲಿ ದೇವರ ತೆಪ್ಪದ ಮೇಲೆ ದೀಪ, ಪಂಜು ಉರಿಯುತ್ತವೆ, ರಾತ್ರಿ ಬಲೆ ಬಿಡುವವರು ಲಾಟೀನು ಒಯ್ಯುತ್ತಿದ್ದರು, ಬೀಡಿಯಂತೂ ಇದ್ದೇ ಇದೆ. ಈ ಆಕ್ಷೇಪ ಗಟ್ಟಿಯಾದದ್ದೇ, ಆದರೆ ಅದು ನಮ್ಮ ವಾದವನ್ನು ಒಡೆಯುವ ಬದಲು ತಿದ್ದಿಕೊಡುತ್ತದೆ. ಬೆಂಕಿಯೇ ದೋಣಿ ಹತ್ತಲಿಲ್ಲ ಎಂದಲ್ಲ. ಮುಚ್ಚಿದ ಬೆಂಕಿ ಹತ್ತಿತು, ತೆರೆದ ಬೆಂಕಿ ಹತ್ತಲಿಲ್ಲ. ಕಾಂಗಡಿಯ ಕೆಂಡ ಬೂದಿಯ ಹೊದಿಕೆಯಡಿ ಮಲಗಿರುತ್ತದೆ, ಲಾಟೀನಿನ ಜ್ವಾಲೆಗೆ ಗಾಜಿನ ಗೋಡೆಯಿದೆ, ದೇವರ ತೆಪ್ಪ ಡ್ರಮ್ಮು ಹಲಗೆಗಳನ್ನು ಬಿಗಿದ ಸಮತಟ್ಟಾದ ವೇದಿಕೆ, ಅದೂ ಕಲ್ಯಾಣಿಯ ನಿಂತ ನೀರಿನಲ್ಲಿ ಸ್ವಲ್ಪ ಹೊತ್ತು. ಮೀನು ಸುಡಲು ಮಾತ್ರ ಕೆಂಡ ಬಾಯಿ ಬಿಟ್ಟುಕೊಂಡೇ ಇರಬೇಕು. ಮೀನಿನ ನೆಣ ತೊಟ್ಟಿಕ್ಕಿದರೆ ಭಗ್ಗೆಂದು ಉರಿ ಎದ್ದು, ಉಪ್ಪು ಸಿಡಿದು ಕಿಡಿ ಹಾರುತ್ತದೆ. ಸುಡುವ ಬೆಂಕಿಯನ್ನು ಪಳಗಿಸಿದರೆ ಅದು ಸುಡುವುದೇ ಇಲ್ಲ.

ಆ ಕಿಡಿ ಬೀಳುವುದು ಎಲ್ಲಿ? ಬಲೆಯ ಮೇಲೆ. ನೂಲಿನ ಬಲೆ ಹೋಗಿ ನೈಲಾನ್ ಬಲೆ ಬಂದ ಮೇಲೆ ಈ ಅಪಾಯ ಇನ್ನೂ ಹೆಚ್ಚಾಯಿತು. ಒದ್ದೆಯಾದ ನೂಲು ಕಿಡಿಯನ್ನು ನುಂಗುತ್ತಿತ್ತು. ನೈಲಾನ್ ಎಳೆ ಮುಟ್ಟಿದ ಕಡೆ ಕರಗಿ ಗಂಟಾಗಿ ತೂತು ಬೀಳುತ್ತದೆ. ಜಲಾಶಯದ ಮೀನುಗಾರನ ಆಸ್ತಿಯೆಂದರೆ ಹರಿಗೋಲು, ಬಲೆ ಎರಡೇ, ಅವುಗಳಲ್ಲಿ ಬಲೆಯದೇ ದುಬಾರಿ ಬಾಬ್ತು. ಒಂದು ಊಟದ ಮೀನಿಗಾಗಿ ಅದನ್ನು ಪಣಕ್ಕಿಡುವಷ್ಟು ದಡ್ಡತನ ಯಾವ ಬೆಸ್ತರ, ಅಂಬಿಗರ ಕೇರಿಯಲ್ಲೂ ಇರಲಿಲ್ಲ. ಮತ್ತೆ ವೇಳೆಯನ್ನೂ ಗಮನಿಸಬೇಕು. ಜಲಾಶಯಗಳಲ್ಲಿ ಸಂಜೆ ಬಲೆ ಬಿಡುತ್ತಾರೆ, ನಸುಕಿನಲ್ಲಿ ಎತ್ತುತ್ತಾರೆ. ಎತ್ತಿದ ಮೀನು ಬಿಸಿಲೇರುವ ಮೊದಲು ತೂಕಕ್ಕೆ ಹೋಗಬೇಕು. ಸಂಪಾನಿನವರ ಹಾಗೆ ನೀರಿನ ಮೇಲೆ ಬಾಳುವ ಜನ ಇವರಲ್ಲ, ಕೆಟ್ಟುವಳ್ಳಂನವರ ಹಾಗೆ ವಾರದ ಪಯಣಕ್ಕೆ ಹೊರಟವರೂ ಅಲ್ಲ. ದಡ ಯಾವಾಗಲೂ ಕಣ್ಣಳತೆಯಲ್ಲೇ ಇರುತ್ತದೆ. ದೋಣಿಯೊಲೆಯ ಚರಿತ್ರೆಯನ್ನು ಎಲ್ಲಿ ನೋಡಿದರೂ ಒಂದು ಸೂತ್ರ ಕಾಣುತ್ತದೆ: ದಡ ದೂರವಾದಷ್ಟೂ ಒಲೆ ದೋಣಿಗೆ ಹತ್ತಿರವಾಗುತ್ತದೆ. ಮಾರಿಕಣಿವೆಯಲ್ಲಿ ದಡ ದೂರವಾದದ್ದೇ ಇಲ್ಲ.

ಇನ್ನು ಗಾಳಿ. ಚಿತ್ರದುರ್ಗದ ಗುಡ್ಡಸಾಲಿನ ಮೇಲೆ ಗಾಳಿಯಂತ್ರಗಳು ಸಾಲುಗಟ್ಟಿ ನಿಂತಿರುವುದು ಸುಮ್ಮನೆ ಅಲ್ಲ. ಆಷಾಢದಲ್ಲಿ ಪಡುವಣದಿಂದ ಬೀಸುವ ಗಾಳಿ ಗುಡ್ಡಗಳ ಸಂದಿನಲ್ಲಿ ಬಿಗಿಯಾಗಿ ನುಗ್ಗಿ ತೆರೆದ ನೀರಿನ ಮೇಲೆ ಬಂದಾಗ ಅಲೆ ಏಳಿಸುತ್ತದೆ. ಇಂಥ ಗಾಳಿಯಲ್ಲಿ ಸಣ್ಣ ದೋಣಿಯ ಗ್ರಿಲ್ಲನ್ನು ಗಾಳಿ ಹೋಗುವ ಬದಿಗೆ, ಅಂಚಿನಾಚೆಗೆ ಕಟ್ಟಬೇಕು, ಕಿಡಿ, ಹೊಗೆ ನೀರಿನ ಕಡೆಗೆ ಹೋಗಬೇಕು ಎಂಬುದು ವಿಹಾರ ದೋಣಿಗಳವರ ನಿಯಮ. ಮುಂಭಾಗವನ್ನು ಒಂದೇ ದಿಕ್ಕಿಗೆ ಹಿಡಿದು ನಿಲ್ಲುವ ದೋಣಿಗೆ ಆ ನಿಯಮ ಹೊಂದುತ್ತದೆ. ಗಿರಗಿರ ತಿರುಗುವ ಹರಿಗೋಲಿನಲ್ಲಿ ಗಾಳಿ ಹೋಗುವ ಬದಿ ಎನ್ನುವುದು ಮುಂದಿನ ಹುಟ್ಟಿನ ಪೆಟ್ಟಿಗೆ ಗಾಳಿ ಬರುವ ಬದಿಯಾಗಿರುತ್ತದೆ.

ಇದೆಲ್ಲ ತರ್ಕವಾಯಿತು, ದಾಖಲೆ ಎಲ್ಲಿ ಎಂದು ಚರಿತ್ರೆ ಓದಿದವರು ಕೇಳಬಹುದು. ಬರೆದವರು ಯಾರೂ ಬೆಸ್ತರ ಊಟದ ಬಗ್ಗೆ ಬರೆಯಲಿಲ್ಲವೆಂದ ಮಾತ್ರಕ್ಕೆ ದೋಣಿಯಲ್ಲಿ ಒಲೆ ಇರಲಿಲ್ಲವೆಂದು ಹೇಳುವುದು ಹೇಗೆ? ಸರಿಯಾದ ಪ್ರಶ್ನೆ. ಕನ್ನಡದ ಹಳೆಯ ಅಡುಗೆಯ ಬರಹಗಳು, ಹನ್ನೊಂದನೆಯ ಶತಮಾನದ ಚಾವುಂಡರಾಯನ ‘ಲೋಕೋಪಕಾರ’ದಿಂದ ಹದಿನಾರನೆಯ ಶತಮಾನದ ಮಂಗರಸನ ‘ಸೂಪಶಾಸ್ತ್ರ’ದವರೆಗೆ, ಸಸ್ಯಾಹಾರದವು, ಅವುಗಳಲ್ಲಿ ಮೀನನ್ನು ಹುಡುಕುವುದೇ ವ್ಯರ್ಥ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಸಂಸ್ಕೃತ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದಕ್ಕೇ ಒಂದು ಭಾಗವಿದೆ, ಮೀನುಗಳ ಜಾತಿ, ಗಾಳಕ್ಕೆ ಕಟ್ಟುವ ಎರೆ ಎಲ್ಲ ವಿವರವಾಗಿ ಬರುತ್ತವೆ, ಕೆಂಡದಲ್ಲಿ ಮಾಂಸ ಸುಡುವ ಬಗೆಗಳನ್ನು ಅನ್ನಭೋಗದ ಭಾಗ ಹೇಳುತ್ತದೆ. ಆದರೆ ಅದು ಅರಸನ ವಿನೋದ, ಅರಸನ ಅಡುಗೆಮನೆ. ಅಂಬಿಗರ ಚೌಡಯ್ಯನಂಥ ವಚನಕಾರ ಹುಟ್ಟು ಹಿಡಿದ ಕೈಯವನೇ ಆದರೂ ಅವನ ಕಾಳಜಿ ಊಟದ್ದಲ್ಲ. ಹೀಗಾಗಿ ಕಾಗದ ಮೌನವಾಗಿರುವ ಕಡೆ ವಸ್ತುವನ್ನು ಓದಬೇಕಾಗುತ್ತದೆ. ಒಲೆ ಹತ್ತಿದ ದೋಣಿಗಳಲ್ಲೆಲ್ಲ ಒಲೆಗೊಂದು ಸ್ಥಾನ ದೋಣಿಯ ಕಟ್ಟಡದಲ್ಲೇ ಇರುತ್ತದೆ: ಅರಬ್ಬರ ಹಡಗಿನಲ್ಲಿ ಪೆಟ್ಟಿಗೆ, 1545ರಲ್ಲಿ ಮುಳುಗಿದ ಇಂಗ್ಲೆಂಡಿನ ಮೇರಿ ರೋಸ್ ಹಡಗಿನ ತಳದಲ್ಲಿ ಇಟ್ಟಿಗೆಯಲ್ಲಿ ಕಟ್ಟಿದ ಒಲೆ. ಹರಿಗೋಲು ಪಾಯಸ್ ನೋಡಿದ ದಿನದಿಂದ ಇಂದಿನವರೆಗೆ ಐನೂರು ವರ್ಷಗಳಲ್ಲಿ ಹೊದಿಕೆಯನ್ನು ಮೂರು ಸಲ ಬದಲಿಸಿದೆ, ಆದರೆ ಅದರ ಕಟ್ಟಡದಲ್ಲಿ ಒಲೆಗೊಂದು ಗೇಣು ಜಾಗ ಬಂದಿಲ್ಲ. ಬೇಕಿದ್ದರೆ ಬರುತ್ತಿತ್ತು. ಈ ಸಾಕ್ಷ್ಯವನ್ನು ನಾನು ಶಾಸನಕ್ಕಿಂತ ಕಡಿಮೆಯೆಂದು ಎಣಿಸುವುದಿಲ್ಲ.

ದಡದ ಒಲೆಗೆ ಬಂದರೆ ಅಲ್ಲಿನ ಜಾಣತನ ಕಾಣುತ್ತದೆ. ಜಲಾಶಯದ ನೀರು ಏರಿದಂತೆ ಇಳಿದಂತೆ ದಡ ಸರಿಯುತ್ತದೆ, ಆದ್ದರಿಂದ ಕಟ್ಟಿದ ಒಲೆಯಿಂದ ಪ್ರಯೋಜನವಿಲ್ಲ. ಗಾಳಿಗೆ ಬೆನ್ನು ಕೊಟ್ಟು ಇಟ್ಟ ಮೂರು ಕಲ್ಲು ಸಾಕು. ಗಾಳಿ ಜೋರಿದ್ದರೆ ಎರಡು ಗೇಣು ಆಳದ ಕುಳಿ. ಸೌದೆಗೆ ಜಾಲಿ, ಈಗ ಹೆಚ್ಚಾಗಿ ಬಳ್ಳಾರಿ ಜಾಲಿ. ಅದರ ಕೆಂಡ ಗಟ್ಟಿ, ಬೇಗ ಬೂದಿಯಾಗುವುದಿಲ್ಲ. ಉರಿ ಪೂರ್ತಿ ಅಡಗಿ ಕೆಂಡದ ಮೇಲೆ ಬೂದಿಯ ತೆಳು ಪದರ ಬರುವವರೆಗೆ ಕಾಯಬೇಕು. ಹುರುಪೆ ತೆಗೆಯದ ಮೀನಾದರೆ ಜಾಲರಿಯ ಹಂಗೇ ಇಲ್ಲ, ನೇರ ಕೆಂಡದ ಮೇಲೆ ಇಡಬಹುದು: ಹುರುಪೆ ಕರಿದಾಗಿ ಚಿಪ್ಪಿನಂತೆ ಬಿಗಿಯುತ್ತದೆ, ಒಳಗಿನ ಮಾಂಸ ತನ್ನ ನೀರಿನಲ್ಲೇ ಬೇಯುತ್ತದೆ, ಕಣ್ಣು ಬೆಳ್ಳಗಾಗಿ ಉಬ್ಬಿದಾಗ ಬೆನ್ನಿನ ಬಳಿ ಬೆರಳಿಟ್ಟರೆ ಸಿಪ್ಪೆ ಹುರುಪೆಸಮೇತ ಒಂದೇ ಪಟ್ಟಿಯಾಗಿ ಏಳುತ್ತದೆ. ಉಪ್ಪು, ಖಾರದ ಪುಡಿ, ಹುಣಸೆಹುಳಿ ಹಚ್ಚಿ ಸುಡುವುದಾದರೆ ಮಾತ್ರ ಜಾಲರಿ ಬೇಕು. ಹಚ್ಚಿದ್ದು ಸೀಯದಂತೆ ಕೆಂಡದಿಂದ ಅದನ್ನು ಒಂದು ಗೇಣು ಎತ್ತರಿಸಬೇಕು. ಕೋಳಿಗೂಡಿಗೆ, ಬೇಲಿಗೆ ಬಳಸುವ ಸತು ಲೇಪದ ತಂತಿಜಾಲರಿಯನ್ನೇ ಕತ್ತರಿಸಿ ಕೆಂಡದ ಮೇಲೆ ಇಡುವುದುಂಟು. ಇದು ಕೆಟ್ಟ ಆಯ್ಕೆ. ಸತು ಸುಮಾರು 420 ಡಿಗ್ರಿಗೆ ಕರಗುತ್ತದೆ, ಕೆಂಡದ ಶಾಖಕ್ಕೆ ಅದರ ಹೊಗೆ ಮೀನಿಗೂ ಉಸಿರಿಗೂ ಸೇರುತ್ತದೆ. ಬರಿ ಕಬ್ಬಿಣದ ಸರಳು ತುಕ್ಕು ಹಿಡಿದರೂ ಅದಕ್ಕಿಂತ ಮೇಲು, ಸ್ಟೇನ್‌ಲೆಸ್ ಸ್ಟೀಲ್ ಎರಡಕ್ಕಿಂತ ಮೇಲು.

ಕೊನೆಯ ಆಕ್ಷೇಪ ಇಂದಿನದು. ಕಾಲ ಬದಲಾಗಿದೆ, ಹರಿಗೋಲು ಫೈಬರಿನದಾಗಿದೆ, ಕಿಡಿ ಹಾರಿಸದ ಗ್ಯಾಸ್ ಗ್ರಿಲ್ಲು ಬಂದಿದೆ, ಇನ್ನೂ ಹಳೆಯವರ ಭಯವನ್ನೇ ಹಿಡಿದು ಕೂರಬೇಕೆ? 2022ರ ಕೋಡಿಯನ್ನು ನೋಡಲು ತಂಡೋಪತಂಡವಾಗಿ ಬಂದ ಜನರನ್ನು ಕಂಡವರಿಗೆ ನೀರಿನ ಮೇಲೆ ಊಟ ಕೊಡುವ ಆಸೆ ಹುಟ್ಟಿದರೆ ಆಶ್ಚರ್ಯವಿಲ್ಲ. ಆದರೆ ಫೈಬರಿನ ಅಂಟುರಾಳವೂ ಉರಿಯುವ ವಸ್ತುವೇ. ಗ್ಯಾಸಿನ ವಿಷಯವಂತೂ ಇನ್ನೂ ಕೆಟ್ಟದ್ದು: ಎಲ್‌ಪಿಜಿ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ, ಸೋರಿದರೆ ಮೇಲೆ ಹಾರಿ ಹೋಗದೆ ತಳಕ್ಕೆ ಇಳಿದು ನಿಲ್ಲುತ್ತದೆ. ಮನೆಯಲ್ಲಾದರೆ ಬಾಗಿಲ ಸಂದಿಯಿಂದ ಹರಿದು ಹೋದೀತು. ಎಲ್ಲೂ ತೂತಿಲ್ಲದ ದುಂಡು ತಳದ ದೋಣಿಯಲ್ಲಿ ಅದಕ್ಕೆ ದಾರಿಯೇ ಇಲ್ಲ. ದೊಡ್ಡ ವಿಹಾರ ದೋಣಿಗಳಲ್ಲಿ ಸಿಲಿಂಡರಿಗೆಂದೇ ಬೇರೆ ಗೂಡು ಮಾಡಿ, ಅದರ ತಳದಿಂದ ಹೊರಕ್ಕೆ ಕೊಳವೆ ಬಿಡುವುದು ಇದೇ ಕಾರಣಕ್ಕೆ. ಹರಿಗೋಲಿಗೆ ಅಂಥ ಗೂಡನ್ನು ಕೂರಿಸಿದರೆ ಅದು ಹರಿಗೋಲಾಗಿ ಉಳಿಯುವುದಿಲ್ಲ. ಸಮತಳದ, ಅಗಲವಾದ, ಕಂಬಿಯಿರುವ ಮೋಟಾರು ದೋಣಿಯಲ್ಲಿ, ದಡಕ್ಕೆ ಕಟ್ಟಿ ನಿಲ್ಲಿಸಿದಾಗ, ಗ್ರಿಲ್ಲನ್ನು ಅಂಚಿನಾಚೆ ತಗುಲಿಸಿ, ಬಳಿಯಲ್ಲಿ ಬೆಂಕಿ ಆರಿಸುವ ಸಾಧನ ಇಟ್ಟುಕೊಂಡು ಸುಡುವವರಿಗೆ ನನ್ನ ತಕರಾರಿಲ್ಲ. ಆದರೆ ದಡಕ್ಕೆ ಕಟ್ಟಿ ನಿಲ್ಲಿಸಿದ ಮೇಲೆ ದಡಕ್ಕೇ ಇಳಿಯಬಾರದೇಕೆ ಎಂಬ ಪ್ರಶ್ನೆಗೆ ಅವರು ಉತ್ತರ ಕೊಡಬೇಕು.

ಹಾಗಾಗಿ ಮಾರಿಕಣಿವೆಗೆ ಹೋಗುವವರು ಹರಿಗೋಲಿನಲ್ಲಿ ಸುತ್ತಿ ಬನ್ನಿ, ಮೀನನ್ನು ದಡದಲ್ಲೇ ಸುಡಿಸಿ ತಿನ್ನಿ. ತಿಂದ ಮೇಲೆ ಕೆಂಡಕ್ಕೆ ನೀರು ಸುರಿದು, ಬೂದಿಯನ್ನು ನೀರಂಚಿನಿಂದ ದೂರ ಮಣ್ಣಿನಲ್ಲಿ ಮುಚ್ಚಿ, ತಟ್ಟೆ ಲೋಟಗಳನ್ನು ಹೊತ್ತು ತನ್ನಿ. ಹಿರಿಯೂರು, ಚಿತ್ರದುರ್ಗ, ಚಳ್ಳಕೆರೆ ಪಟ್ಟಣಗಳ ನಲ್ಲಿಗೆ ಬರುವುದು ಇದೇ ನೀರು.